ಮುಮ್ತಾಜಬಿಯ ತೊಳೆದ ಕೈಗಳು

ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರು ಸಂಜೆ ಮನೆಗೆ ಹೊರಡುವ ಮುನ್ನ ಅಂಗೈಗೆ ಶೇಂಗಾ ಎಣ್ಣೆ ಸವರಿ, ಅರಿವೆಯಿಂದ ಒರೆಸಿ, ಆಮೇಲೆ ಸಾಬೂನು ಹಚ್ಚಿ ತೊಳೆಯುತ್ತಾರೆ. ಬರೀ ನೀರಿಗೆ ಖಾರ ಬಿಡುವುದಿಲ್ಲ. ಎಳೆಗೂಸು ಇರುವವರು ಮನೆಗೆ ಹೋದ ಮೇಲೆ ಇನ್ನೊಮ್ಮೆ ತೊಳೆಯುತ್ತಾರೆ. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ನೋಡಿ ಕಲಿಯುತ್ತಾರೆ. ಹೀಗಾಗಿ ಮುಮ್ತಾಜಬಿ ಎಲ್ಲರಿಗಿಂತ ಹೆಚ್ಚು ಸಲ ಕೈ ತೊಳೆಯತೊಡಗಿದ್ದು ಹತ್ತು ವರ್ಷ ಯಾರಿಗೂ ವಿಚಿತ್ರವೆನಿಸಲಿಲ್ಲ. ಬೇರೆ ಊರಾಗಿದ್ದರೆ ಹತ್ತು ತಿಂಗಳಲ್ಲಿ ಯಾರಾದರೂ ಕೇಳುತ್ತಿದ್ದರು. ಇಲ್ಲಿ ಅದನ್ನು ಶಿಸ್ತು ಎಂದು ತಿಳಿದರು.

ಅವಳು ಹುಟ್ಟಿದ್ದು 1977ರಲ್ಲಿ, ಮೋಟೆಬೆನ್ನೂರಿನ ಪಿಂಜಾರರ ಮನೆಯಲ್ಲಿ. ತಂದೆ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದರು. ಮನೆಯೊಳಗೆ ಕನ್ನಡವನ್ನೇ ಆಡುತ್ತಿದ್ದರು. ಉರ್ದು ಮದುವೆಗೆ, ಮಸೀದಿಗೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟಳು. ಹದಿನೆಂಟನೆಯ ವಯಸ್ಸಿಗೆ ಬ್ಯಾಡಗಿಯ ನಬಿಸಾಬನ ಜೊತೆ ಮದುವೆಯಾಯಿತು. ನಬಿಸಾಬ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲ. ಮಗ ಆರಿಫ್ ಹುಟ್ಟಿ ಎಂಟು ತಿಂಗಳಿಗೆ ಅವಳೂ ಒಬ್ಬ ವ್ಯಾಪಾರಿಯ ಗೋದಾಮಿನಲ್ಲಿ ತೊಟ್ಟು ಬಿಡಿಸಲು ಕುಳಿತಳು. ಬೇಗ ಕೆಲಸ ಕಲಿತಳು. ಮಾತಾಡುತ್ತಲೇ ಕಾಯಿಗಳನ್ನು ಬೇರೆ ಮಾಡುತ್ತಿದ್ದಳು: ಉದ್ದನೆಯ ಕಡ್ಡಿ ಒಂದು ಕಡೆ, ಗುಂಡನೆಯ ಡಬ್ಬಿ ಒಂದು ಕಡೆ, ಬಣ್ಣ ಹೋದ ಬಿಳಿಗಾಯಿ ಬೇರೆ.

ಆರಿಫ್ ವರ್ಷದವನಿದ್ದಾಗ ಒಂದು ಸಂಜೆ ಅವಳು ಅವನ ಕಣ್ಣಿನ ಪಿಸುರು ಒರೆಸಿದಳು. ಕೈ ಸರಿಯಾಗಿ ತೊಳೆದಿರಲಿಲ್ಲ. ಮಗು ಉಸಿರು ಹಿಡಿದು ಅತ್ತಿತು. ನಬಿಸಾಬನ ತಾಯಿ ಕಣ್ಣಿಗೆ ಮೊಲೆಹಾಲು ಬಿಡಿಸಿದಳು, ತಣ್ಣೀರು ಹಾಕಿದಳು. ಒಂದು ತಾಸಿನಲ್ಲಿ ಮಗು ನಿದ್ದೆ ಮಾಡಿತು, ಬೆಳಿಗ್ಗೆ ಕಣ್ಣು ತಿಳಿಯಾಗಿತ್ತು. ಬ್ಯಾಡಗಿಯ ಯಾವ ಓಣಿಯಲ್ಲಿ ಕೇಳಿದರೂ ಇಂಥದೊಂದು ಕಥೆ ಸಿಗುತ್ತದೆ, ಜನ ಅದನ್ನು ನಗುತ್ತ ಹೇಳುತ್ತಾರೆ. ಮುಮ್ತಾಜಬಿಯೂ ಬಹಳ ವರ್ಷ ನಗುತ್ತಲೇ ಹೇಳುತ್ತಿದ್ದಳು.

ಯಾವಾಗ ಶುರುವಾಯಿತೆಂದು ಅವಳಿಗೆ ಖಚಿತವಿಲ್ಲ. ಮಗಳು ತಸ್ಲೀಮ್ ಎಂಟನೆಯ ಇಯತ್ತೆಯಲ್ಲಿದ್ದಾಗ ಇರಬೇಕು ಎನ್ನುತ್ತಾಳೆ. ಕೈ ತೊಳೆದಾದ ಮೇಲೆ ಒಂದು ವಿಚಾರ ಬರುತ್ತಿತ್ತು: ಉಗುರಿನ ಸಂದಿಯಲ್ಲಿ ಖಾರ ಉಳಿದಿದ್ದರೆ? ಮತ್ತೆ ತೊಳೆಯುತ್ತಿದ್ದಳು. ಆಗ ನಲ್ಲಿಯ ತಿರುಪು ಮುಟ್ಟಿದ್ದೇನಲ್ಲ, ಅದಕ್ಕೆ ಮೊದಲೇ ಖಾರ ಹತ್ತಿತ್ತಲ್ಲ ಎಂಬ ವಿಚಾರ. ಮತ್ತೆ ತೊಳೆಯುವುದು. ಬರಬರುತ್ತ ಎಣಿಕೆ ಸೇರಿತು. ಎಡಗೈ ನಾಲ್ಕು, ಬಲಗೈ ನಾಲ್ಕು, ನಡುವೆ ಯಾರಾದರೂ ಮಾತಾಡಿಸಿದರೆ ಮೊದಲಿನಿಂದ. ನಮಾಜಿನ ಮೊದಲು ಕೈಕಾಲು, ಮುಖ ತೊಳೆಯುವ ವಜೂವಿಗೂ ಅದು ಹತ್ತಿಕೊಂಡಿತು. ಅರ್ಧ ತಾಸು ನೀರಿನ ಹತ್ತಿರ ನಿಂತು ನಮಾಜಿನ ಹೊತ್ತು ಮೀರಿಸಿಕೊಳ್ಳುತ್ತಿದ್ದಳು. ಓಣಿಯ ಹಿರಿಯರಾದ ರಹಿಮಾನಸಾಬರನ್ನು ನಬಿಸಾಬ ಕೇಳಿದಾಗ ಅವರು, “ಮೂರು ಸಲ ತೊಳದ್ರ ಆತು. ಅದಕ್ಕಿಂತ ಹೆಚ್ಚು ತೊಳಿಯೂದು ನೀರು ಹಾಳು ಮಾಡಿದಂಗ. ಸಂಶಯ ಬಂದ್ರ ಲಕ್ಷ್ಯ ಕೊಡಬ್ಯಾಡ ಅಂತ ಹೇಳು” ಎಂದರು. ಒಳ್ಳೆಯ ಸಲಹೆ. ಅವಳಿಂದ ಅದು ಆಗಲಿಲ್ಲ. ತನ್ನ ಮನಸ್ಸು ಗಟ್ಟಿಯಿಲ್ಲ ಎಂದು ತಿಳಿದು ಸುಮ್ಮನಾದಳು.

ಗೋದಾಮಿನಲ್ಲಿ ಪಕ್ಕದ ಮನೆಯ ರೇಣುಕವ್ವ ಅವಳ ಎದುರಿಗೇ ಕುಳಿತುಕೊಳ್ಳುತ್ತಿದ್ದಳು.

“ಏನವಾ ಮುಮ್ತಾಜ, ಆ ನಳದ ಜೋಡಿ ಎರಡನೇ ಲಗ್ನ ಆಗೀದಿ ಏನು? ಬಿಟ್ಟು ಬರಾಕ ಒಲ್ಲಿ.”

“ಮೊದಲನೇ ಗಂಡ ಏನು ಸುಖ ಕೊಟ್ಟಾನ, ಇದಾದ್ರೂ ತಣ್ಣಗ ಐತಿ” ಎಂದು ಮುಮ್ತಾಜಬಿ ಹೇಳಿದಾಗ ಇಪ್ಪತ್ತು ಹೆಂಗಸರು ನಕ್ಕರು. ಅವಳಿಗೆ ಹೀಗೆ ಮರೆಸಲು ಬರುತ್ತಿತ್ತು. ಬೆರಳ ಸಂದಿಗಳು ಬಿರಿದು ರಕ್ತ ಬರುತ್ತಿತ್ತು. ಮೆಣಸಿನಕಾಯಿ ಕೆಲಸದವರ ಕೈ ಹಾಗೆಯೇ ಇರುತ್ತದೆಂದು ಅದಕ್ಕೂ ಯಾರೂ ಏನೂ ಅನ್ನಲಿಲ್ಲ.

ಮರೆಸಲು ಅವಳಿಗೆ ಕಾರಣವಿತ್ತು. ಅದು ಅವಳ ಅಣ್ಣ ಯೂಸುಫಸಾಬ.

1994ರಲ್ಲಿ, ಇಪ್ಪತ್ಮೂರರ ಹರೆಯದಲ್ಲಿ, ಯೂಸುಫನಿಗೆ ಮನೆಯ ಮಾಳಿಗೆ ಮೇಲೆ ಜನ ಕುಳಿತು ತನ್ನ ಬಗ್ಗೆ ಮಾತಾಡುವುದು ಕೇಳಿಸತೊಡಗಿತು. ಅಲ್ಲಿ ಯಾರೂ ಇರುತ್ತಿರಲಿಲ್ಲ. ಹತ್ತಿಯಲ್ಲಿ ವಿಷ ಹಾಕಿದ್ದಾರೆಂದು ಒಂದು ದಿನ ಗಿರಾಕಿಯ ಗಾದಿಯನ್ನು ಹರಿದ. ಊರೂರಿನ ದರ್ಗಾಗಳಿಗೆ ಕರೆದೊಯ್ದರು. ಯಾವುದೂ ನಡೆಯದೆ ಹೋದಾಗ ಹಿತ್ತಲ ಖೋಲಿಯಲ್ಲಿ ಮಂಚಕ್ಕೆ ಕಟ್ಟಿದರು. ನಾಲ್ಕು ತಿಂಗಳು. ಕಿಟಕಿಯಿಂದ ರೊಟ್ಟಿ ಕೊಡುವ ಕೆಲಸ ಹದಿನೇಳರ ಮುಮ್ತಾಜಬಿಯದಾಗಿತ್ತು. ಮರುವರ್ಷ ನಬಿಸಾಬನ ಕಡೆಯವರು ಹೆಣ್ಣು ನೋಡಲು ಬಂದಾಗ, ಮಗ ಬೆಳಗಾವಿಗೆ ದುಡಿಯಲು ಹೋಗಿದ್ದಾನೆ ಎಂದು ತಂದೆ ಹೇಳಿದರು. ಯೂಸುಫ ಖೋಲಿಯಲ್ಲೇ ಇದ್ದ. ಆಮೇಲೆ ಯಾರೋ ಹೇಳಿ ಧಾರವಾಡದ ಆಸ್ಪತ್ರೆಗೆ ಒಯ್ದರು. ಔಷಧ ಹತ್ತಿತು. ಈಗ ಮೂವತ್ತು ವರ್ಷದಿಂದ ದಿನವೂ ಗುಳಿಗೆ ನುಂಗುತ್ತಾನೆ, ಗಾದಿ ತುಂಬುತ್ತಾನೆ, ಮದುವೆಯೂ ಆಗಿದೆ. ಆದರೆ ಮುಮ್ತಾಜಬಿಯ ತಲೆಯಲ್ಲಿ ಮನಸ್ಸಿನ ರೋಗವೆಂದರೆ ಒಂದೇ: ಕಿಟಕಿಯೊಳಗೆ ಕಂಡ, ಹಗ್ಗ ಬಿಗಿದ ಅಣ್ಣನ ಮಣಿಕಟ್ಟುಗಳು. ತನಗೆ ಏನೋ ಆಗಿದೆಯೆಂದು ಒಪ್ಪಿದರೆ ತಾನೂ ಅದೇ ಮಂಚಕ್ಕೆ ಸೇರಿದವಳೆಂದು ಅವಳ ಲೆಕ್ಕ.

2024ರ ಜನವರಿಯಲ್ಲಿ ತಸ್ಲೀಮ್ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು. ಅವಳ ಗಂಡ ಅಶ್ಫಾಕ ರಾಣೆಬೆನ್ನೂರಿನಲ್ಲಿ ಒಂದು ಬೀಜದ ಕಂಪನಿಯ ಗೋದಾಮಿನಲ್ಲಿ ಕೆಲಸಕ್ಕಿದ್ದಾನೆ. ಹೆಣ್ಣು ಹುಟ್ಟಿತು, ಶಬನಮ್ ಎಂದು ಹೆಸರಿಟ್ಟರು. ಬಾಣಂತಿ ನಲವತ್ತು ದಿನ ತಾಯಿಯ ಮನೆಯಲ್ಲಿರುವುದು ವಾಡಿಕೆ.

ಮುಮ್ತಾಜಬಿ ಎಲ್ಲವನ್ನೂ ಮಾಡಿದಳು. ನಸುಕಿನಲ್ಲೆದ್ದು ನೀರು ಕಾಯಿಸಿದಳು, ಅಂಟಿನುಂಡೆ ಕಟ್ಟಿದಳು, ಮಗುವಿನ ಬಟ್ಟೆ ತೊಳೆದಳು. ಮಗುವನ್ನು ಮಾತ್ರ ಮುಟ್ಟಲಿಲ್ಲ. ಎರೆಯುವುದಕ್ಕೆ ರೇಣುಕವ್ವನನ್ನು ಕರೆದಳು. ತೊಟ್ಟಿಲ ಹಗ್ಗಕ್ಕೆ ಸೀರೆಯ ಸೆರಗು ಸುತ್ತಿ ತೂಗುತ್ತಿದ್ದಳು. ತಸ್ಲೀಮ್ ಬಚ್ಚಲಿಗೆ ಹೋಗುವಾಗ ಕೂಸನ್ನು ಕೊಡಲು ಬಂದರೆ, ಒಲೆಯ ಮೇಲೆ ಏನೋ ಉಕ್ಕುತ್ತಿದೆ ಎಂದು ಎದ್ದು ಹೋಗುತ್ತಿದ್ದಳು. ಗೋದಾಮಿಗೆ ಹೋಗುವುದನ್ನು ಬಿಟ್ಟು ಇಪ್ಪತ್ತು ದಿನವಾಗಿತ್ತು, ಕೈಯಲ್ಲಿ ಖಾರ ಇರಲು ಸಾಧ್ಯವಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು. ಆದರೂ ಮಗುವಿನ ಕಣ್ಣುಗಳನ್ನು ನೋಡಿದೊಡನೆ ಅವು ಕುರುಡಾದ ಚಿತ್ರ ಮುಂದೆ ಬರುತ್ತಿತ್ತು.

ಬೀಗತಿ ಜರೀನಾ ಮಗುವನ್ನು ನೋಡಲು ಎರಡು ಸಲ ಬಂದು ಹೋದಳು. ಎರಡನೆಯ ಸಲ ಹೋಗುವಾಗ ಸೊಸೆಗೆ ಮೆಲ್ಲಗೆ ಹೇಳಿದಳು. “ಹೆಣ್ಣು ಹುಟ್ಟೇತಂತ ನಾವು ಏನೂ ಅಂದಿಲ್ಲ. ನಿಮ್ಮವ್ವಗ ಯಾಕ ಇಷ್ಟು ಬ್ಯಾಸರ? ಒಂದ ಸಲನೂ ಎತಗೊಳ್ಳಿಲ್ಲ ಅಕಿ.”

ತಸ್ಲೀಮ್ ಅಂದು ಮಧ್ಯಾಹ್ನ ತಾಯಿಯ ಮುಂದೆ ಮಗುವನ್ನು ಹಿಡಿದು ನಿಂತಳು.

“ಅವ್ವ, ತಗೋ.”

“ಕೈ ಹಸಿ ಐತಿ.”

“ಒರಸ್ಕೋ.”

“ಆಮ್ಯಾಲ ತಗೋತೀನಿ, ಇಡು ತೊಟ್ಲಾಗ.”

“ಹದಿನಾರು ದಿನದಿಂದ ಆಮ್ಯಾಲ. ಗಂಡಾಗಿದ್ರ ಇಷ್ಟೊತ್ತಿಗೆ ಹೊತ್ಕೊಂಡು ಓಣಿ ತಿರಗತಿದ್ದಿ ನೀನು.”

“ಅಲ್ಲಾನ ಆಣೆ, ಹಂಗಲ್ಲವಾ.”

“ಹಂಗಲ್ಲಂದ್ರ ಹೆಂಗ? ಹೇಳು.”

ಮುಮ್ತಾಜಬಿ ಒಲೆಯ ಕಡೆ ತಿರುಗಿದಳು.

“ನಲವತ್ತು ತುಂಬಲಿ. ಅಷ್ಟರಾಗ ನೀನು ಎತಗೊಳ್ಳಿಲ್ಲಂದ್ರ ನಾ ಮತ್ತ ಈ ಕೂಸಿನ ಕರ್ಕೊಂಡು ನಿನ್ನ ಮನಿಗೆ ಬರಂಗಿಲ್ಲ. ಖರೇ ಹೇಳ್ತೀನಿ” ಎಂದಳು ತಸ್ಲೀಮ್.

ಇಪ್ಪತ್ನಾಲ್ಕು ದಿನ ಉಳಿದಿದ್ದವು. ಮುಮ್ತಾಜಬಿ ಆ ಭಾನುವಾರ, ಅಣ್ಣನನ್ನು ಮಾತಾಡಿಸಿ ಬರುತ್ತೇನೆಂದು ಟೆಂಪೋ ಹತ್ತಿ ಮೋಟೆಬೆನ್ನೂರಿಗೆ ಹೋದಳು. ರಕ್ತ ಒಂದೇ, ರೋಗ ಒಂದೇ, ಅಂದಮೇಲೆ ಔಷಧವೂ ಒಂದೇ ಇರಬೇಕು. ಆಸ್ಪತ್ರೆಗೆ ಹೋದರೆ ಯಾರಾದರೂ ನೋಡುತ್ತಾರೆ, ಸುದ್ದಿ ರಾಣೆಬೆನ್ನೂರಿಗೆ ಮುಟ್ಟುತ್ತದೆ. ಯೂಸುಫನ ಗುಳಿಗೆಗಳು ಗೂಡಿನಲ್ಲಿ ಬಿಸ್ಕೀಟಿನ ಡಬ್ಬಿಯೊಳಗೆ ಇರುತ್ತಿದ್ದವು. ಎರಡು ತರಹದವು. ಅವಳು ದೊಡ್ಡದನ್ನು ನೋಡಿ, ಇದೇ ಖರೇ ಔಷಧವೆಂದು ತಿಳಿದು ಪಟ್ಟಿಯಿಂದ ಆರು ಗುಳಿಗೆ ಕತ್ತರಿಸಿ ಬ್ಲೌಸಿನಲ್ಲಿ ಇಟ್ಟುಕೊಂಡಳು. ಲಗೂ ಗುಣವಾಗಲೆಂದು ಅಂದು ಎರಡು, ಸೋಮವಾರ ಮೂರು ನುಂಗಿದಳು.

ಮಂಗಳವಾರ ಬೆಳಿಗ್ಗೆ ಒಲೆಯ ಮುಂದೆ ಕುಳಿತಿದ್ದಾಗ ಅವಳ ಕುತ್ತಿಗೆ ಎಡಕ್ಕೆ ತಿರುಗಿತು. ತಿರುಗಿದ್ದು ಹಾಗೆಯೇ ಸೆಟೆದು ನಿಂತಿತು. ದವಡೆ ಗಟ್ಟಿಯಾಯಿತು, ನಾಲಿಗೆ ದಪ್ಪಗಾಗಿ ಮಾತು ಹೊರಡಲಿಲ್ಲ. ಕಣ್ಣುಗಳು ಮೇಲಕ್ಕೆ ಹೋಗುತ್ತಿದ್ದವು. ಎಚ್ಚರ ಪೂರ್ತಿ ಇತ್ತು. ತಸ್ಲೀಮ್ ಕೂಗಿದಳು. ನಬಿಸಾಬ ಮಾರುಕಟ್ಟೆಯಿಂದ ಓಡಿ ಬಂದ. ಓಣಿಯ ಅರ್ಧ ಜನ ಸೇರಿದರು. ಲಕ್ವ ಎಂದರು ಕೆಲವರು. ಬಾಣಂತಿಯ ಮನೆ, ಗಾಳಿ ಹೊಕ್ಕಿದೆ ಎಂದರು ಕೆಲವರು. ರಹಿಮಾನಸಾಬರು ಬಂದು ದುವಾ ಓದಿ ಊದತೊಡಗಿದರು.

ಯೂಸುಫಸಾಬ ಒಳಗೆ ಬಂದದ್ದು ಆಗಲೇ. ಹಿಂದಿನ ದಿನ ಗುಳಿಗೆ ನುಂಗಲು ಡಬ್ಬಿ ತೆಗೆದಾಗ ಒಂದು ಪಟ್ಟಿಯ ಮೂಲೆ ಕತ್ತರಿಯಿಂದ ಕತ್ತರಿಸಿದ್ದನ್ನು ನೋಡಿದ್ದ. ಮನೆಗೆ ಬಂದಿದ್ದವಳು ತಂಗಿ ಒಬ್ಬಳೇ. ಬೆಳಗಿನ ಮೊದಲ ಬಸ್ಸಿಗೆ ಹೊರಟಿದ್ದ. ತಂಗಿಯ ಕುತ್ತಿಗೆ ನೋಡಿದವನು ಮಂಡಿಯೂರಿ ಕುಳಿತು ಅವಳ ಕಿವಿಯ ಹತ್ತಿರ ಕೇಳಿದ.

“ದೊಡ್ಡ ಗುಳಿಗಿ ಅಷ್ಟ ತಗೊಂಡೀದಿ ಏನು? ಹೌದಂದ್ರ ಕಣ್ಣು ಮುಚ್ಚು.”

ಅವಳು ಕಣ್ಣು ಮುಚ್ಚಿದಳು.

“ಸಣ್ಣದು ತಗೊಂಡಿಲ್ಲ. ಹುಚ್ಚಿ, ಆ ಸಣ್ಣದು ಇರೂದ ಇದು ಹಿಂಗ ಆಗಬಾರದಂತ.” ಯೂಸುಫ ಎದ್ದು ನಬಿಸಾಬನಿಗೆ ಹೇಳಿದ. “ಆಟೋ ತರಸು. ಏನೂ ಆಗಂಗಿಲ್ಲ. ನನಗೂ ಧಾರವಾಡದಾಗ ಮೊದಲನೇ ವಾರ ಹಿಂಗ ಆಗಿತ್ತು, ಒಂದು ಇಂಜೆಕ್ಷನ್ನಿಗೆ ಬಿಟ್ಟತು.”

“ಓದೂದು ಮುಗೀಲಿ, ಭಾವ” ಎಂದ ನಬಿಸಾಬ ಅಳುಕುತ್ತ.

“ಸಾಹೇಬ್ರು ಓದ್ಲಿ, ನಾ ಯಾಕ ಬ್ಯಾಡ ಅನ್ಲಿ? ಆಟೋದಾಗ ಕುಂತ ಓದ್ಲಿ. ಬರ್ರಿ ಸಾಹೇಬ್ರ, ನೀವೂ ಬರ್ರಿ.”

ರಹಿಮಾನಸಾಬರು ಆಟೋ ಹತ್ತಿದರು, ಕೂಸನ್ನು ಎತ್ತಿಕೊಂಡು ತಸ್ಲೀಮಳೂ ಹತ್ತಿದಳು. ತಾಲೂಕಾಸ್ಪತ್ರೆಯಲ್ಲಿ ಯೂಸುಫ ಗುಳಿಗೆಯ ಪಟ್ಟಿ ತೋರಿಸಿ ನಡೆದದ್ದು ಹೇಳಿದ. ಡ್ಯೂಟಿಯಲ್ಲಿದ್ದ ವೈದ್ಯರು ಇಂಜೆಕ್ಷನ್ ಕೊಟ್ಟರು. ಅರ್ಧ ತಾಸಿನಲ್ಲಿ ಕುತ್ತಿಗೆ ನೆಟ್ಟಗಾಯಿತು. ಬೇರೆಯವರ ಗುಳಿಗೆ ನುಂಗಬಾರದೆಂದು ಗದರಿಸಿ, ಮಂಗಳವಾರವಾದ್ದರಿಂದ ಹಾವೇರಿಯಿಂದ ಮನೋವೈದ್ಯರು ಬಂದಿದ್ದಾರೆ, ತೋರಿಸಿಕೊಂಡೇ ಹೋಗಿ ಎಂದರು.

ಆ ಕೋಣೆಯ ಮುಂದಿನ ಬಾಕಿನ ಮೇಲೆ ಹದಿನೈದು ಜನ ಕುಳಿತಿದ್ದರು. ಮುಮ್ತಾಜಬಿ ಸೆರಗನ್ನು ಮೂಗಿನವರೆಗೆ ಎಳೆದುಕೊಂಡಳು. ಮೊದಲ ಸಲ ಮಾತಾಡಿದ್ದು ಇಷ್ಟು: “ಅಣ್ಣ, ನನ್ನ ಕಟ್ಟತಾರೇನು?”

“ಕಟ್ಟಿದ್ದು ನಮ್ಮಪ್ಪ” ಎಂದ ಯೂಸುಫ. “ದವಾಖಾನ್ಯಾಗ ಬಿಚ್ಚಿದ್ರು.”

ಆಮೇಲೆ ತಾನೇ ಶುರು ಮಾಡಿದ. ಮೂವತ್ತು ವರ್ಷ ಇಂಥ ಸಾಲುಗಳಲ್ಲಿ ಕುಳಿತು ಅವನಿಗೆ ತಿಳಿದದ್ದು ಬಹಳವಿತ್ತು. “ಈ ಸಾಲಿನ್ಯಾಗಿನವರ ಮಾತಲ್ಲ, ಧಾರವಾಡದಾಗ ನೋಡಿದವರದು ಹೇಳ್ತೀನಿ. ಒಬ್ಬ ಮಾಸ್ತರ ಇದ್ದ, ಬಸ್ಸಿನ್ಯಾಗ ಕುಂತ್ರ ಎದಿ ಹಾರತಿತ್ತು, ಸತ್ತೆ ಅಂತಿದ್ದ. ಹಾರ್ಟಿನ ಡಾಕ್ಟರ್ರು ಏನಿಲ್ಲಂತ ಕಳಿಸ್ಯಾರ. ಅದು ಗಾಬರಿ ರೋಗ. ಇನ್ನೊಬ್ಬ, ಎರಡು ತಿಂಗಳ ನಿದ್ದೀನ ಇಲ್ಲ, ಇಡೀ ಊರಿಗೆ ಊಟ ಹಾಕಸ್ತೀನಿ ಅಂತಿದ್ದ. ಮುಂದ ಎರಡು ತಿಂಗಳ ಹಾಸಿಗಿ ಬಿಟ್ಟು ಏಳ್ತಿದ್ದಿಲ್ಲ. ಅದು ಬ್ಯಾರೆ. ಒಬ್ಬಾಕಿ ಹಡದ ಮ್ಯಾಲ ಬರೇ ಅಳಾಕಿ, ಕೂಸು ಬ್ಯಾಡ ಅನ್ನಾಕಿ. ಅದು ಖಿನ್ನತೆ. ಮುದುಕರು ಇದ್ರು, ತಮ್ಮ ಮನಿ ಯಾವುದಂತ ಮರತವರು. ಕುಡಿಯೂದು ಒಮ್ಮಿಗೆ ಬಿಟ್ಟು ಗ್ವಾಡಿ ಮ್ಯಾಲ ಹುಳ ಕಾಣವರು ಇದ್ರು.”

“ಎಲ್ಲಾರೂ ಹುಚ್ಚರ ಅಲ್ಲೇನು ಮತ್ತ?”

“ನೀ ಇಪ್ಪತ್ತೈದು ವರ್ಷ ಮೆಣಸಿನಕಾಯಿ ಆರಿಸೀದಿ. ಎಲ್ಲಾ ಕೆಂಪಗ ಐತಿ ಅಂತ ಎಲ್ಲಾ ಒಂದ ರಾಶಿಗೆ ಒಗೀತೀ ಏನು? ನಿನ್ನ ಸಾವಕಾರ ಮರುದಿನ ಕೆಲಸ ಬಿಡಸ್ತಾನ.”

ಅವಳು ನಗಲಿಲ್ಲ. ಆದರೆ ಸೆರಗು ಸ್ವಲ್ಪ ಕೆಳಗಿಳಿಯಿತು. ಅಲ್ಲಿಯೇ, ಆ ಬಾಕಿನ ಮೇಲೆ, ಕೈ ತೊಳೆಯುವ ವಿಷಯವನ್ನು ಮೊದಲ ಬಾರಿಗೆ ಒಬ್ಬರಿಗೆ ಹೇಳಿದಳು. ಮಗುವಿನ ಕಣ್ಣಿನ ಚಿತ್ರವನ್ನೂ ಹೇಳಿದಳು. ತಸ್ಲೀಮ್ ಮಗುವನ್ನು ಮಡಿಲಲ್ಲಿಟ್ಟುಕೊಂಡು ಆ ಕಡೆ ಕುಳಿತಿದ್ದಳು, ಕೇಳಿಸಿಕೊಂಡಳು.

ವೈದ್ಯೆ ಮೈಸೂರಿನ ಕಡೆಯವರು. ಜೊತೆಗೆ ಆಪ್ತಸಮಾಲೋಚಕಿ ಅರುಣಾ ಇದ್ದಳು, ಕರ್ಜಗಿಯ ಹುಡುಗಿ.

“ನಿಮಗೆ ಯಾರೂ ಇಲ್ಲದಿರುವಾಗ ಧ್ವನಿಗಳು ಕೇಳಿಸುತ್ತವೆಯೇ?” ಎಂದು ವೈದ್ಯೆ ಕೇಳಿದರು. ಮುಮ್ತಾಜಬಿ ಅರುಣಾಳ ಮುಖ ನೋಡಿದಳು.

“ಯಾರೂ ಇಲ್ಲದಾಗ ಯಾರರ ಮಾತಾಡಿದಂಗ ಕೇಳಸ್ತದೇನ್ರಿ?” ಎಂದಳು ಅರುಣಾ.

“ಇಲ್ರಿ. ಅದು ನಮ್ಮಣ್ಣಗ.”

“ಕೈಗೆ ಖಾರ ಹತ್ತಿದೆ ಅನ್ನುವುದು ನಿಜ ಅಂತ ನಂಬುತ್ತೀರಾ?”

“ಇಲ್ರಿ. ಸುಳ್ಳಂತ ಗೊತ್ತೈತ್ರಿ. ನನ್ನ ತಲಿನ ಹೇಳ್ತೈತಿ, ನನಗ ಗೊತ್ತೈತಿ. ಆದ್ರೂ ಬಿಡಂಗಿಲ್ಲ. ತೊಳದ್ರ ಒಂದೀಟು ಹಗರ ಆಗತೈತಿ, ಮತ್ತ ಬರತೈತಿ.”

ವೈದ್ಯೆ ಬರೆಯುವುದನ್ನು ನಿಲ್ಲಿಸಿ ವಿವರಿಸಿದರು. ಅಣ್ಣನದು ಸ್ಕಿಜೋಫ್ರೇನಿಯಾ. ಅದರಲ್ಲಿ ಇಲ್ಲದ್ದು ಕೇಳಿಸುತ್ತದೆ, ಅದು ಸುಳ್ಳೆಂದು ರೋಗಿಗೆ ಅನಿಸುವುದಿಲ್ಲ. ಅವಳದು ಗೀಳು ಕಾಯಿಲೆ. ಬೇಡದ ವಿಚಾರ ಮತ್ತೆ ಮತ್ತೆ ಬರುತ್ತದೆ, ಸುಳ್ಳೆಂದು ಗೊತ್ತಿದ್ದರೂ ತಡೆಯಲಾಗುವುದಿಲ್ಲ, ಆ ಗಾಬರಿ ಇಳಿಸಲು ಒಂದು ಕೆಲಸವನ್ನು ಮತ್ತೆ ಮತ್ತೆ ಮಾಡಬೇಕಾಗುತ್ತದೆ. ಔಷಧ ಬೇರೆ, ಹಿಡಿಯುವ ಸಮಯ ಬೇರೆ. ಆರಿಫನ ಕಣ್ಣಿಗೆ ಖಾರ ಹತ್ತಿದ್ದರಿಂದಲೇ ಇದು ಬಂತೆಂದು ಹೇಳಲಾಗದು, ಹಾಗಾಗಿದ್ದರೆ ಊರಿನ ಅರ್ಧ ಹೆಂಗಸರಿಗೆ ಬರಬೇಕಿತ್ತು. ಕೆಟ್ಟ ತಾಯಿ ಎಂಬುದಂತೂ ಕಾರಣವಲ್ಲ. ಗುಣ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕು.

“ನಲವತ್ತು ದಿನದಾಗ ಆಗಂಗಿಲ್ಲೇನ್ರಿ?” ಎಂದು ಮುಮ್ತಾಜಬಿ ಕೇಳಿದಳು.

“ಕಷ್ಟ” ಎಂದರು ವೈದ್ಯೆ. ಇದನ್ನು ಅರುಣಾ ಬಿಡಿಸಿ ಹೇಳಬೇಕಾಗಲಿಲ್ಲ.

ಗುಳಿಗೆಯ ಜೊತೆಗೆ ಅಭ್ಯಾಸವೂ ಇತ್ತು. ಹೆದರಿಕೆ ಹುಟ್ಟಿಸುವುದನ್ನು ಮುಟ್ಟಿ, ತೊಳೆಯದೆ, ಗಾಬರಿ ತಾನಾಗಿ ಇಳಿಯುವವರೆಗೆ ಕುಳಿತಿರುವುದು. ಆದರೆ ಅರುಣಾಗೆ ಒಂದು ತೊಡಕು ಎದುರಾಯಿತು. ಬೇರೆ ಊರಿನಲ್ಲಿ, ಕೈ ತೊಳೆಯಬೇಡಿ ಎಂದು ಹೇಳಿಬಿಡಬಹುದು. ಮೆಣಸಿನಕಾಯಿ ಮುಟ್ಟುವವರಿಗೆ ಹಾಗೆ ಹೇಳುವಂತಿಲ್ಲ. ಎಷ್ಟು ತೊಳೆದರೆ ಅಗತ್ಯ, ಎಷ್ಟರಿಂದ ಮುಂದೆ ರೋಗ? ಪುಸ್ತಕದಲ್ಲಿ ಉತ್ತರವಿರಲಿಲ್ಲ. ಅವಳು ಒಂದು ಸಂಜೆ ಗೋದಾಮಿಗೇ ಹೋದಳು. ಎರಡು ನಿಮಿಷಕ್ಕೆ ಸೀನು ಹಿಡಿಯಿತು. ಸೀನುತ್ತಲೇ ಹೆಂಗಸರನ್ನು ಕೇಳಿದಳು.

“ದಿನಾ ಎಷ್ಟ ಸಲ ಕೈ ತೊಳಕೋತೀರಿ?”

“ಹೋಗೂ ಮುಂದ ಎಣ್ಣಿ ಒಮ್ಮೆ, ಸಾಬಾನ ಒಮ್ಮೆ” ಎಂದಳು ರೇಣುಕವ್ವ. “ಗಂಡ ಕುಡದ ಬಂದು ಹೊಡಿಯಾಕ ಬಂದ್ರ ಅದನ್ನೂ ತೊಳಿಯಂಗಿಲ್ಲ. ಹಂಗ ಅವನ ಕಣ್ಣಿಗೆ ಹಚ್ಚೂದು.”

ಗೋದಾಮು ನಕ್ಕಿತು. ಅರುಣಾ ಇಪ್ಪತ್ತು ಜನರನ್ನೂ ಕೇಳಿ ಬರೆದುಕೊಂಡಳು. ಹದಿನೇಳು ಜನ ಅದೇ ಹೇಳಿದರು, ಮೂವರು ಎರಡು ಸಲ ಸಾಬೂನು ಎಂದರು. ಮುಂದಿನ ಮಂಗಳವಾರ ಅವಳು ಮುಮ್ತಾಜಬಿಗೆ ಅದನ್ನೇ ನಿಯಮ ಮಾಡಿದಳು: ಎಣ್ಣೆ ಒಮ್ಮೆ, ಸಾಬೂನು ಒಮ್ಮೆ, ಆಮೇಲೆ ನಳದ ಕಡೆ ಹೋಗಬಾರದು. ತಸ್ಲೀಮಳಿಗೂ ಒಂದು ನಿಯಮ ಕೊಟ್ಟಳು. “ಏನೂ ಆಗಿಲ್ಲ ಹೌದಿಲ್ಲೋ ಅಂತ ನಿಮ್ಮವ್ವ ಕೇಳ್ತಾರ. ಒಮ್ಮೆ ಹೇಳು. ಎರಡನೇ ಸಲ ಕೇಳಿದ್ರ ಹೇಳಬ್ಯಾಡ. ನೀ ಇಲ್ಲ ಅಂದಷ್ಟೂ ಆ ರೋಗ ಇನ್ನೊಮ್ಮೆ ಕೇಳು ಅಂತೈತಿ. ಅದೂ ಕೈ ತೊಳದಂಗನ.”

“ಅಳಾಕತ್ರ?”

“ಪಕ್ಕದಾಗ ಕುಂದ್ರು. ಉತ್ತರ ಮಾತ್ರ ಕೊಡಬ್ಯಾಡ.”

ಮೊದಲು ತೊಟ್ಟಿಲ ಹಗ್ಗವನ್ನು ಬರಿಗೈಯಲ್ಲಿ ಹಿಡಿಯುವುದು. ಮೊದಲ ದಿನ ಗಾಬರಿ ಇಳಿಯಲು ಐವತ್ತು ನಿಮಿಷ ಬೇಕಾಯಿತು. ಮುಮ್ತಾಜಬಿ ಬೆವರಿ ಸೀರೆ ಒದ್ದೆಯಾಗಿತ್ತು. ವಾರದಲ್ಲಿ ಅದು ಇಪ್ಪತ್ತು ನಿಮಿಷಕ್ಕೆ ಬಂತು. ಆಮೇಲೆ ಮಗುವಿನ ಮೈಮೇಲಿನ ಬಟ್ಟೆ, ಆಮೇಲೆ ಹೊದಿಕೆಯ ಮೇಲಿಂದ ಪಾದ. ಮೂವತ್ತೆಂಟನೆಯ ದಿನ ಬರಿ ಪಾದವನ್ನು ಮುಟ್ಟಿದಳು, ಅಂದು ನಿಯಮ ಮುರಿದು ಒಂಬತ್ತು ಸಲ ಕೈ ತೊಳೆದಳು. ನಲವತ್ತು ದಿನ ತುಂಬಿತು. ಮಗುವನ್ನು ಎತ್ತಿಕೊಳ್ಳಲು ಆಗಿರಲಿಲ್ಲ.

ನಬಿಸಾಬನಿಗೆ ಇದನ್ನೆಲ್ಲ ಮುಚ್ಚಿಡಬೇಕೆಂದಿತ್ತು. ತಸ್ಲೀಮ್ ಒಪ್ಪಲಿಲ್ಲ. ಕರೆಯಲು ಬಂದ ಅಶ್ಫಾಕ ಮತ್ತು ಜರೀನಾಗೆ ತಾನೇ ಹೇಳಿದಳು. ಮಾಮನದು ಯಾವ ರೋಗ, ತಾಯಿಯದು ಯಾವ ರೋಗ, ಎರಡೂ ಹೇಗೆ ಬೇರೆ ಎಂದು ಬಿಡಿಸಿ ಹೇಳಿದಳು. ಜರೀನಾ ಪೂರ್ತಿ ಕೇಳಿದಳು.

“ಅಂಟತೈತೇನು ಅದು?”

“ಇಲ್ಲ.”

“ಹೆಣ್ಣಂತ ಮುಟ್ಟದ ಇದ್ದಿದ್ದಲ್ಲ ಹಂಗಾರ.”

“ಅಲ್ಲ.”

ಜರೀನಾ ಯೋಚಿಸಿದಳು. “ಬರ್ಲಿ, ಹೋಗ್ಲಿ. ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಕೂಸಿನ ಅಕಿ ಒಬ್ಬಾಕಿ ಹತ್ರ ಬಿಡಬ್ಯಾಡ. ಯಾರರ ಇರಬೇಕು. ಇಷ್ಟ ನನ್ನ ಮಾತು.”

ಒಳಗಿದ್ದ ಮುಮ್ತಾಜಬಿಗೆ ಇದು ಕೇಳಿಸಿತು. ಅನ್ಯಾಯವೆಂದು ಅವಳಿಗೆ ಅನಿಸಲಿಲ್ಲ ಎಂದು ಆಮೇಲೆ ಹೇಳಿದ್ದಾಳೆ. ಆಟೋ ಹೊರಟಾಗ ಅವಳು ಬಾಗಿಲಲ್ಲಿ ನಿಂತು ಮಗುವಿನ ಪಾದ ಹಿಡಿದು ಬಿಟ್ಟಳು.

ಮಾರ್ಚಿನಿಂದ ಮತ್ತೆ ಗೋದಾಮಿಗೆ ಹೋಗತೊಡಗಿದಳು. ನಳದ ಹತ್ತಿರ ಎರಡನೆಯ ಸಲ ಕಂಡರೆ, ನಿಯಮ ತಿಳಿದಿದ್ದ ರೇಣುಕವ್ವ, “ಏ, ಎರಡನೇ ಗಂಡನ ಕಡೆ ಹೊಂಟೀ? ಬಾ ಈಕಡೆ” ಎಂದು ಕೂಗುತ್ತಿದ್ದಳು. ಮಂಗಳವಾರಗಳಂದು ಆಸ್ಪತ್ರೆಗೆ ಹೋಗುವಾಗ ಸೆರಗು ಎಳೆದುಕೊಳ್ಳುವುದನ್ನು ಮುಮ್ತಾಜಬಿ ಯಾವಾಗ ಬಿಟ್ಟಳೋ ಅವಳಿಗೂ ನೆನಪಿಲ್ಲ. ಮೇ ಹೊತ್ತಿಗೆ ವಜೂ ಐದು ನಿಮಿಷಕ್ಕೆ ಮುಗಿಯುತ್ತಿತ್ತು. ವಿಚಾರ ಬರುವುದು ನಿಂತಿರಲಿಲ್ಲ. ಬಂದರೂ ಕೆಲವು ಸಲ ತಾನೇ ಹೋಗುತ್ತಿತ್ತು.

ಜೂನಿನ ಒಂದು ಶನಿವಾರ ಮಧ್ಯಾಹ್ನದವರೆಗೆ ಕೆಲಸ ಮಾಡಿ, ಎಣ್ಣೆ ಒಮ್ಮೆ, ಸಾಬೂನು ಒಮ್ಮೆ ಮುಗಿಸಿ, ಅಲ್ಲಿಂದಲೇ ರಾಣೆಬೆನ್ನೂರಿನ ಬಸ್ಸು ಹತ್ತಿದಳು. ಅರುಣಾ ಹೇಳಿಕೊಟ್ಟ ಪಟ್ಟಿಯಲ್ಲಿ ಅದು ಕೊನೆಯದಾಗಿತ್ತು: ಖಾರ ಮುಟ್ಟಿದ ದಿನವೇ ಮಗುವನ್ನು ಎತ್ತಿಕೊಳ್ಳುವುದು. ಮನೆಯಲ್ಲಿ ಜರೀನಾ, ತಸ್ಲೀಮ್ ಇಬ್ಬರೇ ಇದ್ದರು. ಶಬನಮಳಿಗೆ ಐದು ತಿಂಗಳು.

“ಗೋದಾಮಿಂದನ ಬಂದೀ ಏನು?” ಎಂದಳು ತಸ್ಲೀಮ್.

“ಹ್ಞೂಂ. ಸೀದಾ.”

ತಸ್ಲೀಮ್ ಮತ್ತೇನೂ ಕೇಳದೆ ಮಗುವನ್ನು ತಾಯಿಯ ತೊಡೆಯ ಮೇಲೆ ಇಟ್ಟಳು. ಮುಮ್ತಾಜಬಿ ಎರಡೂ ಕೈಗಳನ್ನು ಗಾಳಿಯಲ್ಲಿ ಹಿಡಿದು ಕುಳಿತಿದ್ದಳು. ಮಗು ಜಾರತೊಡಗಿದಾಗ ಹಿಡಿಯಲೇಬೇಕಾಯಿತು. ಹಿಡಿದಳು. ಮಗು ಅವಳ ತೋರುಬೆರಳನ್ನು ಎಳೆದು ಬಾಯಿಗೆ ಹಾಕಿಕೊಂಡಿತು. ಈ ವಯಸ್ಸಿನ ಮಕ್ಕಳು ಸಿಕ್ಕಿದ್ದೆಲ್ಲವನ್ನೂ ಹಾಗೆ ಮಾಡುತ್ತವೆ. ಪಟ್ಟಿಯಲ್ಲಿ ಇದು ಇರಲಿಲ್ಲ.

“ಬಾಯಿ ಉರಿಯಾಕತ್ತೈತೇನು ನೋಡು” ಎಂದಳು ಮುಮ್ತಾಜಬಿ. ಅವಳ ಧ್ವನಿ ಬೇರೆಯಾಗಿತ್ತು.

ತಸ್ಲೀಮ್ ನೋಡಿದಳು. “ಇಲ್ಲ.”

“ಕಣ್ಣು ನೋಡು, ಕೆಂಪಾಗ್ಯಾವ?”

ತಸ್ಲೀಮ್ ಮಾತಾಡಲಿಲ್ಲ.

“ತಸ್ಲೀಮಾ, ನೋಡ. ಕೆಂಪಾಗ್ಯಾವೇನು?”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಜರೀನಾಗೆ ತಡೆಯಲಾಗಲಿಲ್ಲ. “ಇಲ್ಲ ಬಿಡ್ರಿ ಬೀಗತ್ಯಾರ, ಏನೂ...” ಎಂದು ಬಾಯಿ ತೆರೆದಳು. ತಸ್ಲೀಮ್ ಕೈ ಎತ್ತಿ ತಡೆದಳು. ಜರೀನಾ ಅರ್ಥವಾಗದೆ ಸೊಸೆಯ ಮುಖ ನೋಡಿದಳು, ಆದರೆ ನಿಲ್ಲಿಸಿದಳು.

ಮಗು ಬೆರಳು ಚೀಪುವ ಸದ್ದು ಕೇಳುತ್ತಿತ್ತು. ಮುಮ್ತಾಜಬಿಯ ಹಣೆಯಲ್ಲಿ ಬೆವರೊಡೆಯಿತು. ಅವಳು ಇನ್ನೊಮ್ಮೆ ಕೇಳಲು ತುಟಿ ತೆರೆದಳು, ಕೇಳಲಿಲ್ಲ. ತಲೆ ಬಾಗಿಸಿ ಮಗುವಿನ ಕಣ್ಣುಗಳನ್ನು ತಾನೇ ನೋಡಿದಳು. ಬಹಳ ಹೊತ್ತು ನೋಡಿದಳು. ಹಾಲು ಉಕ್ಕುವ ಸದ್ದಿಗೆ ಜರೀನಾ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ತಸ್ಲೀಮ್ ಕೂಡ ಎದ್ದು, ಚಹದ ಕಪ್ಪುಗಳನ್ನು ತೊಳೆಯಲು ಅಡುಗೆಮನೆಗೆ ಬಂದಳು.

ಜರೀನಾ ಸೊಸೆಯನ್ನು ನೋಡಿದಳು. ಆಮೇಲೆ ಬಾಗಿಲಾಚೆ, ಮಗುವಿನ ಜೊತೆ ಒಬ್ಬಳೇ ಕುಳಿತಿದ್ದ ಬೀಗತಿಯ ಬೆನ್ನನ್ನು ನೋಡಿದಳು.

“ಸಕ್ಕರಿ ಎಷ್ಟು ಹಾಕ್ಲಿ ನಿಮ್ಮವ್ವಗ?” ಎಂದು ಕೇಳಿದಳು.